ಧೂಳಿಲ್ಲದ ಮನೆಯ ಸಾಸಿವೆ

ಕಡ್ಡಿಯನ್ನು ಗುಡ್ಡ ಮಾಡುವ ಕಲೆ ನಮ್ಮ ವಂಶಕ್ಕೆ ಹೊಸದಲ್ಲ. ಯಾವುದೋ ಮದುವೆಮನೆಯ ಸಾರಿಗೆ ಉಪ್ಪು ಕಡಿಮೆಯಾದದ್ದನ್ನು ನಮ್ಮಜ್ಜಿ 30 ವರ್ಷ ಕಾಪಾಡಿಕೊಂಡು ಬಂದಿದ್ದರು. ಆದರೆ ಈ ಕೆಲಸಕ್ಕೆ ಕ್ಯಾಮೆರಾ ಹಿಡಿದವನು ವಂಶದಲ್ಲಿ ನಾನೇ ಮೊದಲಿಗ.

ಫೋಟೋದ ಹುಚ್ಚು ಹತ್ತಿದ ಹೊಸದರಲ್ಲಿ ಎಲ್ಲರ ಹಾಗೆ ನಾನೂ ಹಕ್ಕಿಗಳ ಹಿಂದೆ ಬಿದ್ದೆ. ಹಕ್ಕಿ ಹಾರಿಹೋಗುತ್ತದೆ. ಮಕ್ಕಳ ಕಡೆ ತಿರುಗಿದರೆ ಅಳುತ್ತವೆ. ಮನೆಯವಳ ಕಡೆ ತಿರುಗಿದರೆ, “ಈಗ ಬೇಡ, ತಲೆ ಬಾಚಿಲ್ಲ.” ಸಾಸಿವೆ ಕಾಳು ಹಾರುವುದಿಲ್ಲ, ಅಳುವುದಿಲ್ಲ, ತಲೆ ಬಾಚುವುದಿಲ್ಲ. ಹೀಗೆ ನಾನು ಮ್ಯಾಕ್ರೋ ಛಾಯಾಗ್ರಾಹಕನಾದೆ.

ವಸ್ತು ತನ್ನ ನಿಜಗಾತ್ರದಲ್ಲೇ ಕ್ಯಾಮೆರಾದ ಸೆನ್ಸರ್ ಮೇಲೆ ಮೂಡಿದರೆ ಅದು ಮ್ಯಾಕ್ರೋ. ಅದಕ್ಕಿಂತ ಎರಡು, ಮೂರು, ಐದು ಪಟ್ಟು ಹಿಗ್ಗಿದರೆ ಎಕ್ಸ್‌ಟ್ರೀಮ್ ಮ್ಯಾಕ್ರೋ. ಇದಕ್ಕೆಂದೇ ಮಾಡಿದ ಲೆನ್ಸಿನ ಬೆಲೆ ಕೇಳಿದರೆ ನಮ್ಮ ಕಣ್ಣೇ ಮೂರು ಪಟ್ಟು ಹಿಗ್ಗುತ್ತದೆ. ಬಡವರಿಗೆ ಬೇರೆ ದಾರಿಯಿದೆ: ಹಳೆಯ 50 ಎಂಎಂ ಲೆನ್ಸನ್ನು ಬೆನ್ನು ಮುಂದಾಗಿ ತಿರುಗಿಸಿ, ನಡುವೆ ನಾಲ್ಕಾರು ಟೊಳ್ಳು ಬಳೆಗಳನ್ನು ಪೋಣಿಸಿ ಕ್ಯಾಮೆರಾಕ್ಕೆ ಸಿಕ್ಕಿಸುವುದು. ಅಂಗಿ ಹಿಂದುಮುಂದಾಗಿ ತೊಟ್ಟವನಂತೆ ಕಾಣುವ ಆ ಲೆನ್ಸು ಸೊಗಸಾಗಿಯೇ ಕೆಲಸ ಮಾಡುತ್ತದೆ.

ಕಷ್ಟ ಬರುವುದು ಫೋಕಸ್ಸಿನಲ್ಲಿ. ಮೂರು ಪಟ್ಟು ಹಿಗ್ಗಿಸುವ ಹೊತ್ತಿಗೆ ಸ್ಪಷ್ಟವಾಗಿ ಕಾಣುವ ಪದರ ಹೆಚ್ಚೂಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಾಸಿವೆಯ ಮೂಗು ಕಂಡರೆ ಕೆನ್ನೆ ಕಾಣದು, ಕೆನ್ನೆ ಕಂಡರೆ ಕಿವಿ ಕಾಣದು. ಅದಕ್ಕೇ ಕ್ಯಾಮೆರಾವನ್ನು ಕೂದಲೆಳೆಯಷ್ಟು ಮುಂದೆ ಸರಿಸುತ್ತಾ 30 ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ, ಸ್ಪಷ್ಟವಾದ ಭಾಗಗಳನ್ನಷ್ಟೇ ಸೇರಿಸಿ ಒಂದು ಚಿತ್ರ ಮಾಡಬೇಕು. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ಆ 30 ಚಿತ್ರ ಮುಗಿಯುವವರೆಗೆ ಮನೆಯಲ್ಲಿ ಫ್ಯಾನು ತಿರುಗಬಾರದು, ಕುಕ್ಕರ್ ಕೂಗಬಾರದು, ಯಾರೂ ಸೀನಬಾರದು. ಬೀದಿಯಲ್ಲಿ ಲಾರಿ ಹೋದರೆ ಸಾಸಿವೆಗೆ ಭೂಕಂಪ. ಕಾಳು ಉರುಳದಿರಲೆಂದು ಚಪಾತಿ ಹಿಟ್ಟಿನ ಉಂಡೆಗೆ ಒತ್ತಿ ಕೂರಿಸಿದ್ದೆ. 19ನೆಯ ಚಿತ್ರದ ಹೊತ್ತಿಗೆ ಹಿಟ್ಟು ಕುಸಿದು ಕಾಳು ಶರಶಯ್ಯೆಯ ಭೀಷ್ಮರ ಹಾಗೆ ಒರಗಿಕೊಂಡಿತು. ಮತ್ತೆ ಒಂದರಿಂದ ಶುರು.

ಕೊನೆಗೂ ಚಿತ್ರ ಕೂಡಿ ಬಂದಾಗ ನಾನು ದಂಗಾದೆ. ನುಣ್ಣಗೆ ಕರ್ರಗೆ ಇದೆಯೆಂದುಕೊಂಡಿದ್ದ ಸಾಸಿವೆ ಕೆಂಗಂದು ಬಣ್ಣಕ್ಕಿತ್ತು. ಮೈತುಂಬ ಮೀನಿನ ಬಲೆ ಹೊದ್ದಂಥ ಕೆತ್ತನೆ. ಹೀಗೆ ಹಿಗ್ಗಿಸಿ ನೋಡಿದವರಲ್ಲಿ ಹಳಬನಾದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲಿ ‘ಮೈಕ್ರೋಗ್ರಾಫಿಯಾ’ ಎಂಬ ಪುಸ್ತಕ ತಂದಾಗ ಮೊದಲು ವರ್ಣಿಸಿದ್ದು ಸೂಜಿಯ ಮೊನೆಯನ್ನು. ಮೊನಚಿಗೇ ಹೆಸರಾದ ಆ ತುದಿ ಸೂಕ್ಷ್ಮದರ್ಶಕದಡಿ ಮೊಂಡಾಗಿ, ಹಳ್ಳಕೊಳ್ಳ ಬಿದ್ದು ಕಂಡಿತ್ತು. ಮನುಷ್ಯ ಮಾಡಿದ್ದು ಹಿಗ್ಗಿಸಿದಷ್ಟೂ ಕುರೂಪ, ಪ್ರಕೃತಿ ಮಾಡಿದ್ದು ಹಿಗ್ಗಿಸಿದಷ್ಟೂ ಚೆಂದ ಎಂಬುದು ಅವನ ಮತ. ಹುಕ್ ಮದುವೆಯಾಗಿರಲಿಲ್ಲ. ಆದ್ದರಿಂದ ಮುಂದಿನ ಪ್ರಸಂಗ ಅವನ ಪುಸ್ತಕದಲ್ಲಿಲ್ಲ.

“ರೀ, ಸಾಸಿವೆ ಮೇಲೆ ಅದೇನದು?” ಎಂದಳು ನನ್ನಾಕೆ.

ನಾನು ವಿಜ್ಞಾನಿಯ ಗತ್ತಿನಲ್ಲಿ ವಿವರಿಸಿದೆ. “ಇದು ಬಟ್ಟೆಯ ನಾರು. ಇದು ಹೊಟ್ಟಿನ ಚೂರು. ಉಳಿದದ್ದು ಧೂಳು.”

“ಅಂದ್ರೆ ನನ್ನ ಅಡುಗೆಮನೇಲಿ ಧೂಳಿದೆ ಅಂತ.”

ಹಾಗಲ್ಲ, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದನ್ನು ಬರಿಗಣ್ಣು ಸರಿಯಾಗಿ ಗುರುತಿಸಲಾರದು, ಎಂದು ಶುರು ಮಾಡಿದೆ. ಅವಳು ಕೈ ಎತ್ತಿ ತಡೆದಳು. “ಧೂಳಿಲ್ಲದ ಮನೆ ಯಾವುದಾದ್ರೂ ಇದ್ರೆ ಅಲ್ಲಿಂದ ಸಾಸಿವೆ ತನ್ನಿ. ಆಮೇಲೆ ನನ್ನ ಅಡುಗೆಮನೆ ಮಾತು.”

ಬುದ್ಧ ಕಿಸಾಗೋತಮಿಗೆ ಹೇಳಿದ್ದೂ ಹೆಚ್ಚೂಕಡಿಮೆ ಇದನ್ನೇ. ಆದರೆ ಬುದ್ಧನ ದನಿಯಲ್ಲಿ ಕರುಣೆಯಿತ್ತು.

ಹೊರಟೆ. ಕೆಳಗಿನ ಮನೆಯ ರಾಯರು ನಾಲ್ಕೇ ಕಾಳು ಕೇಳಿದ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಒಗ್ಗರಣೆಗೆ ಸಾಲುತ್ತಾ?” ಎಂದರು. ಎದುರು ಮನೆ ಶುಚಿತ್ವಕ್ಕೆ ಬೀದಿಗೇ ಹೆಸರುವಾಸಿ. ಅಲ್ಲಿ ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಆ ಮನೆಯಾಕೆ ಕಾಳನ್ನು ಚಮಚದಲ್ಲಿ ಎತ್ತಿ ಕಾಗದಕ್ಕೆ ಹಾಕಿಕೊಟ್ಟರು. ಪಕ್ಕದ ಮನೆಯಲ್ಲಿ ಆಗಷ್ಟೇ ತಂದ ಪ್ಯಾಕೆಟ್ಟನ್ನು ನನ್ನೆದುರೇ ಕತ್ತರಿಸಿ ಕೊಟ್ಟರು.

ಮೂರು ರಾತ್ರಿ, 90 ಚಿತ್ರ. ರಾಯರ ಮನೆಯ ಕಾಳಿಗೆ ಅರಿಶಿನದ ಪುಡಿ ಮೆತ್ತಿತ್ತು. ಎದುರು ಮನೆಯದರ ಮೇಲೆ ನೀಲಿ ನೂಲಿನ ಎಳೆ, ಹಗ್ಗದಷ್ಟು ದಪ್ಪ. ಪ್ಯಾಕೆಟ್ಟಿನದು ಎಲ್ಲಕ್ಕಿಂತ ಕೊಳೆ. ನಾಲ್ಕೂ ಚಿತ್ರಗಳನ್ನು ಟೀವಿಯಲ್ಲಿ ಸಾಲಾಗಿ ತೋರಿಸಿ, “ಧೂಳಿಲ್ಲದ ಮನೆಯೇ ಇಲ್ಲ ಕಣೆ,” ಎಂದು ಜ್ಞಾನೋದಯವಾದವನಂತೆ ಶರಣಾದೆ. ಎದುರು ಮನೆಯ ಕಾಳನ್ನು ಅವಳು ಮೂರು ಸಲ ಕೇಳಿ ನೋಡಿದಳು. ಮುಖ ಅರಳಿತು. ಕಾಫಿ ಬಂತು.

ಆಮೇಲೆ, ಕನ್ನಡಕವಿಲ್ಲದೆ ಅಕ್ಕಿಯಲ್ಲಿ ಕಲ್ಲು ಹುಡುಕುವ ಆ ಕಣ್ಣು ಟೀವಿಯ ಎಡಮೂಲೆಗೆ ಹೋಯಿತು.

“ನಾಲ್ಕೂ ಮನೆ ಸಾಸಿವೆ ಪಕ್ಕ ಇದೇ ಜಾಗದಲ್ಲಿ ಇದೇ ಕರೀ ಗೀಟು ಇದೆಯಲ್ಲ, ಅದು ಯಾರ ಮನೆ ಧೂಳು?”

ಕಾಫಿ ಗಂಟಲಲ್ಲಿ ನಿಂತಿತು. ಹಿಗ್ಗಿಸಿದಷ್ಟೂ ಬೆಳಕಿನ ದಾರಿ ಕಿರಿದಾಗಿ, ಸೆನ್ಸರ್ ಮೇಲೆ ಕೂತ ಧೂಳಿನ ನೆರಳು ಎದ್ದು ಕಾಣುತ್ತದೆ. 30 ಚಿತ್ರ ಪೇರಿಸಿದಾಗ ಒಂದು ಚುಕ್ಕೆ ಬಾಲ ಬೆಳೆದು ಗೀಟಾಗುತ್ತದೆ. ಅದು ಯಾರ ಮನೆಯದೂ ಅಲ್ಲ; ನನ್ನ ಕ್ಯಾಮೆರಾದ ಒಳಗಿನದು.

ಇದನ್ನೆಲ್ಲ ನಾನು ವಿವರಿಸಿದೆ. ಅವಳು ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಸಾಸಿವೆ ಡಬ್ಬಿ ಒರೆಸುವ ಬಟ್ಟೆ ತಂದು ನನ್ನ ಮುಂದಿಟ್ಟಳು.