ಅಂಡರ್‌ಟೇಕರ್ ಸತ್ತದ್ದೆಷ್ಟು ಸಲ?

ಹೊಸೂರು, ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆ ನಲವತ್ತರ ಆಸುಪಾಸಿನ ಯಾವ ಗಂಡಸನ್ನು ಬೇಕಾದರೂ ನಿಲ್ಲಿಸಿ, ಟಿವಿ ಕುಸ್ತಿಯ ಅಂಡರ್‌ಟೇಕರ್ ಎಷ್ಟು ಸಲ ಸತ್ತಿದ್ದಾನೆ ಎಂದು ಕೇಳಿ. ಯೋಚನೆಯೇ ಇಲ್ಲದೆ ಉತ್ತರ ಬರುತ್ತದೆ: ಏಳು ಸಲ. ಈ ಲೆಕ್ಕ ಬರೆದಿಟ್ಟವರು ಯಾರು ಎಂದು ಕೇಳಬಾರದು. ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿತ್ತು. ಅಂಡರ್‌ಟೇಕರನ ಪ್ರಾಣ ಅವನ ಪಕ್ಕದಲ್ಲಿ ನಿಲ್ಲುತ್ತಿದ್ದ ಬಿಳಿಚು ಮುಖದ ದಪ್ಪನೆಯ ಮನುಷ್ಯನ ಕೈಯ ಕಳಶದಲ್ಲಿತ್ತು. ಎರಡಕ್ಕೂ ಸಾಕ್ಷಿ ಕೇಳುವ ಅಭ್ಯಾಸ ಯಾರಿಗೂ ಇರಲಿಲ್ಲ.

ಈಗ ಸಾಕ್ಷಿ ಜೇಬಿನಲ್ಲೇ ಇದೆ. ಸಿಪ್ಕಾಟ್ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿದವರು, ಗುಲಾಬಿ ಪಾಲಿಹೌಸಿಗೆ ಔಷಧಿ ಹೊಡೆದು ಬಂದವರು, ಟೀ ಅಂಗಡಿಯ ಬೆಂಚಿನ ಮೇಲೆ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಮೂವತ್ತು ವರ್ಷ ಹಿಂದಿನ ಕುಸ್ತಿ ಹಾಕುತ್ತಾರೆ. ಹೊಸದು ಬೇಕಿಲ್ಲ. 2025ರ ಏಪ್ರಿಲ್‌ನಿಂದ ಭಾರತದಲ್ಲಿ ಡಬ್ಲ್ಯುಡಬ್ಲ್ಯುಇ ನೆಟ್‌ಫ್ಲಿಕ್ಸ್‌ಗೆ ಹೋಗಿದೆ, ಅದಕ್ಕೆ ಮುಂಚೆ ಸೋನಿಯಲ್ಲಿತ್ತು, ಅದಕ್ಕೂ ಮುಂಚೆ ಟೆನ್ ಸ್ಪೋರ್ಟ್ಸ್‌ನಲ್ಲಿತ್ತು ಎಂಬುದೆಲ್ಲ ಅವರಿಗೆ ಗೊತ್ತು. ಆದರೆ ಈಗಿನ ಪೈಲ್ವಾನರ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಾರೆ. ಅವರ ಬಾಯಲ್ಲಿ ಅದು ಇವತ್ತಿಗೂ ಡಬ್ಲ್ಯುಡಬ್ಲ್ಯುಎಫ್. ಪಾಂಡಾ ಕರಡಿಯ ಗುರುತಿನ, ಕಾಡುಪ್ರಾಣಿಗಳ ರಕ್ಷಣೆಯ ಸಂಸ್ಥೆಯೊಂದು ಅದೇ ಅಕ್ಷರಗಳಿಗಾಗಿ ಕೋರ್ಟಿಗೆ ಹೋಗಿ ಗೆದ್ದದ್ದರಿಂದ 2002ರಲ್ಲಿ ಕುಸ್ತಿ ಕಂಪನಿ ಹೆಸರು ಬದಲಿಸಿಕೊಂಡಿತು. ಪಾಂಡಾ ಕರಡಿಯ ಕೈಲಿ ಸೋತ ಕಂಪನಿ ಎಂದು ಬೆಂಚಿನ ಮೇಲಿನವರು ಅದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಈ ಕುಸ್ತಿ ಗಡಿಸೀಮೆಗೆ ಬಂದದ್ದು ಡಿಶ್ ಆಂಟೆನಾದ ಜೊತೆಗೆ. 1991ರಲ್ಲಿ ಸ್ಟಾರ್ ಟಿವಿಯ ವಾಹಿನಿಗಳು ಶುರುವಾದವು. ಅದರ ಹಿಂದೆಯೇ ಊರೂರಲ್ಲಿ ಕೇಬಲ್‌ನವರು ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಕರಿ ತಂತಿ ಎಳೆದರು. 1993ರಲ್ಲಿ ಸನ್ ಟಿವಿ, 1994ರಲ್ಲಿ ಉದಯ ಬಂದವು. ಹೊಸೂರಿನ ಕಡೆಯ ಮನೆ ಎಂದರೆ ಕೇಳಬೇಕೆ? ಒಳಗೆ ಕನ್ನಡ, ಜಗಲಿಯಲ್ಲಿ ತೆಲುಗು, ರೇಷನ್ ಅಂಗಡಿಯಲ್ಲಿ ತಮಿಳು. ಅಮ್ಮನಿಗೆ ಉದಯ, ಪಕ್ಕದ ಮನೆಯಕ್ಕನಿಗೆ ಸನ್, ಅಪ್ಪನಿಗೆ ವಾರ್ತೆ. ಇದರ ನಡುವೆ ರಿಮೋಟು ಹುಡುಗರ ಕೈಗೆ ಸಿಕ್ಕಿದ ಅರ್ಧ ಗಂಟೆಯಲ್ಲಿ ಬೇಕಾದದ್ದು ಭಾಷೆಯ ಹಂಗಿಲ್ಲದ ವಸ್ತು. ಇಂಗ್ಲಿಷ್ ವಿವರಣೆಯಲ್ಲಿ ಯಾರಿಗೂ ಒಂದು ಪದ ಅರ್ಥವಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಬೆನ್ನಿಗೆ ಬಿದ್ದ ಏಟಿಗೆ ವಿವರಣೆ ಏಕೆ? ಬಹಳ ವರ್ಷಗಳ ಮೇಲೆ ತಮಿಳು, ತೆಲುಗಿನಲ್ಲೇ ವೀಕ್ಷಕ ವಿವರಣೆ ಬಂತು. ಹಳಬರಿಗೆ ಅದು ಹಿಡಿಸಲಿಲ್ಲ. ಅರ್ಥವಾಗತೊಡಗಿದ ಮೇಲೆ ಗಾಂಭೀರ್ಯ ಹೋಯಿತು ಎನ್ನುವುದು ಅವರ ದೂರು, ಅದರಲ್ಲಿ ಹುರುಳಿಲ್ಲದೆ ಇಲ್ಲ.

ಟಿವಿ ಇಲ್ಲದ ಹೊತ್ತಿನಲ್ಲಿ ಟ್ರಂಪ್ ಕಾರ್ಡ್ ಇತ್ತು. ರ್‍ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್, ಆಡಿದ ಕುಸ್ತಿ, ಗೆದ್ದ ಕುಸ್ತಿ. ಮಗ್ಗಿ ಹದಿಮೂರರ ಮೇಲೆ ಹತ್ತದ ಹುಡುಗನಿಗೂ ಯೋಕೊಜುನಾನ ತೂಕ ಬಾಯಿಪಾಠ. ‘ಹೈಟ್’ ಎಂದು ಕೂಗಬೇಕಾದರೆ ಕೈಯಲ್ಲಿ ಜೈಂಟ್ ಗೊನ್ಸಾಲೆಸ್ ಇರಬೇಕು. ಎಂಟಡಿ, ಅವನ ಮುಂದೆ ಇನ್ನೊಬ್ಬನಿಲ್ಲ. ಆ ಒಂದು ಕಾರ್ಡಿಗೆ ಬದಲಾಗಿ ಕ್ರಿಕೆಟ್ ಬಾಲು, ಅರ್ಧ ಡಬ್ಬಿ ಬಳಪ, ಒಂದು ವಾರದ ಹೋಮ್‌ವರ್ಕು ಕೈ ಬದಲಾದದ್ದುಂಟು.

ಈಗ ಅದೇ ಗೊನ್ಸಾಲೆಸ್ ಫೋನಿನಲ್ಲಿ ಬರುತ್ತಾನೆ. 1993ರ ಏಪ್ರಿಲ್ 4, ಲಾಸ್ ವೇಗಸ್, ಒಂಬತ್ತನೆಯ ರೆಸಲ್‌ಮೇನಿಯಾ. ಅಂಡರ್‌ಟೇಕರ್ ರಥದಲ್ಲಿ ನಿಂತು ಬರುತ್ತಾನೆ, ಜೊತೆಗೆ ಜೀವಂತ ರಣಹದ್ದು. ಇಷ್ಟರವರೆಗೆ ನೆನಪಿಗೂ ಚಿತ್ರಕ್ಕೂ ತಾಳೆಯಾಗುತ್ತದೆ. ಗೊನ್ಸಾಲೆಸ್ ಕಾಣಿಸಿದ ಕೂಡಲೇ ಬೆಂಚಿನ ಮೇಲೆ ಗಲಾಟೆ. “ಲೇ, ಅದು ಮೈ ಅಲ್ಲ ಕಣ್ಲಾ, ಬಟ್ಟೆ! ಬಣ್ಣ ಬಳಿದವ್ರೆ!” ಹೌದು, ಮೈಬಣ್ಣದ ಒಂದೇ ತುಂಡಿನ ಉಡುಪು, ಅದರ ಮೇಲೆ ಸ್ನಾಯುಗಳನ್ನು ಬಣ್ಣದಲ್ಲಿ ಬರೆದು, ಅಲ್ಲಲ್ಲಿ ಕೂದಲು ಅಂಟಿಸಿದ್ದಾರೆ. ಅರ್ಜೆಂಟೀನಾದ ಆ ಬಡಪಾಯಿ ಬ್ಯಾಸ್ಕೆಟ್‌ಬಾಲ್ ಆಟಗಾರ. 1988ರಲ್ಲಿ ಅಟ್ಲಾಂಟಾ ಹಾಕ್ಸ್ ತಂಡ ಅವನನ್ನು ಆರಿಸಿಕೊಂಡಿತ್ತು. ಎತ್ತರವೂ ಏಳೂವರೆ ಅಡಿಯ ಸುತ್ತಮುತ್ತ. ಎಂಟಡಿ ಎಂಬುದು ಜಾಹೀರಾತಿನ ಅಡಿಕೋಲು. ಆ ಕಾರ್ಡಿಗಾಗಿ ಬಾಲು ಕೊಟ್ಟವನಿಗೆ ನ್ಯಾಯ ಸಿಗಬೇಕೆಂಬ ಬೇಡಿಕೆ ಇನ್ನೂ ಬಾಕಿಯಿದೆ.

ಸಾವಿನ ಲೆಕ್ಕಕ್ಕೂ ಇದೇ ಗತಿ. ಹುಡುಕಿ ನೋಡಿದರೆ 1994ರ ಜನವರಿಯ ರಾಯಲ್ ರಂಬಲ್ ಸಿಗುತ್ತದೆ. ಯೋಕೊಜುನಾ ಒಬ್ಬನ ಕೈಲಾಗದೆ ಹತ್ತು ಜನ ಸೇರಿ ಅಂಡರ್‌ಟೇಕರನನ್ನು ಶವಪೆಟ್ಟಿಗೆಗೆ ತುಂಬುತ್ತಾರೆ. ಕಳಶದಿಂದ ಹಸಿರು ಹೊಗೆ. ಪೆಟ್ಟಿಗೆಯೊಳಗಿಂದಲೇ ದೊಡ್ಡ ಪರದೆಯ ಮೇಲೆ ಅವನ ಭಾಷಣ. ಆಮೇಲೆ ಒಂದು ಆಕೃತಿ ಚಾವಣಿಗೆ ಏರಿಹೋಗುತ್ತದೆ. ಆ ಹೊತ್ತಿಗೆ ಆ ಪಾತ್ರದ ಮಾರ್ಕ್ ಕ್ಯಾಲವೇಗೆ ಬೆನ್ನುನೋವು, ಒಂದಿಷ್ಟು ರಜೆ ಬೇಕಿತ್ತು. ಬೇರೆಯವರು ರಜೆಚೀಟಿ ಬರೆಯುತ್ತಾರೆ, ಇವನು ಸ್ವರ್ಗಾರೋಹಣ ಮಾಡಿದ. 1996ರ ಅಕ್ಟೋಬರ್‌ನಲ್ಲಿ ಜೀವಂತ ಹೂಳುತ್ತಾರೆ. ಮಣ್ಣಿನಿಂದ ಕೈ ಮೇಲೆ ಬರುತ್ತದೆ. 1998ರ ಜನವರಿಯಲ್ಲಿ ತಮ್ಮನಾದ ಕೇನ್ ಪೆಟ್ಟಿಗೆಗೆ ಬೆಂಕಿಯಿಡುತ್ತಾನೆ. 2003ರ ನವೆಂಬರ್‌ನಲ್ಲಿ ಮತ್ತೆ ಹೂಳುತ್ತಾರೆ, 2004ರ ಮಾರ್ಚ್‌ಗೆ ಎದ್ದುಬರುತ್ತಾನೆ. ಬೆಂಚಿನವರು ಬೆರಳು ಮಡಿಸಿ ಎಣಿಸಿದ್ದು ನಾಲ್ಕೇ. ಉಳಿದ ಮೂರು ಎಲ್ಲಿ? ಅದಕ್ಕೂ ವಾದ ಸಿದ್ಧ: ಕೇಬಲ್ ಇಲ್ಲದ ದಿನ ಸತ್ತಿರಬೇಕು. ಕರೆಂಟು ಹೋಗುತ್ತಿದ್ದ ಆ ಕಾಲವನ್ನು ಬಲ್ಲವರು ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾರರು.

ಇಷ್ಟೆಲ್ಲದರಲ್ಲಿ ನಿಜವಾಗಿಯೂ ಹೆಣದ ವಿದ್ಯೆ ಕಲಿತವನೆಂದರೆ ಕಳಶ ಹಿಡಿದಿದ್ದ ಆ ದಪ್ಪ ಮನುಷ್ಯ, ಪಾಲ್ ಬೇರರ್. ಅವನ ನಿಜ ಹೆಸರು ವಿಲಿಯಂ ಮೂಡಿ. ಶವಸಂಸ್ಕಾರ ವೃತ್ತಿಯಲ್ಲಿ ಓದಿ, ಪರವಾನಗಿ ಪಡೆದಿದ್ದವನು.

ಇನ್ನೊಂದು ಜಗಳ ಹಿಂದಿ ಸಿನಿಮಾದ್ದು. 1996ರ ‘ಖಿಲಾಡಿಯೋಂ ಕಾ ಖಿಲಾಡಿ’ಯಲ್ಲಿ ಅಕ್ಷಯ್ ಕುಮಾರ್ ಅಂಡರ್‌ಟೇಕರನನ್ನು ಎತ್ತಿ ಹಿಡಿಯುತ್ತಾನೆ. ಅದನ್ನು ಕಂಡ ಹುಡುಗರು ಎರಡು ಪಕ್ಷವಾಗಿ ಒಡೆದರು. ‘ಅದು ಅಸಲಿ’ ಎಂದವರಿಗೆ ಅಕ್ಷಯ್ ಮೇಲೆ ಭಕ್ತಿ, ‘ನಕಲಿ’ ಎಂದವರಿಗೆ ಅಂಡರ್‌ಟೇಕರ್ ಮೇಲೆ. 2021ರಲ್ಲಿ ಚಿತ್ರಕ್ಕೆ 25 ವರ್ಷವಾದಾಗ ಅಕ್ಷಯ್ ಕುಮಾರರೇ ಅದು ಬ್ರಯನ್ ಲೀ ಎಂಬ ಕುಸ್ತಿಪಟು ಎಂದು ತಿಳಿಸಿ ಮೊಕದ್ದಮೆ ಮುಗಿಸಿದರು. ಆದರೆ ಮಜಾ ಇರುವುದು ಮುಂದೆ. ಸ್ವರ್ಗಕ್ಕೆ ಹೋದ ಅಂಡರ್‌ಟೇಕರ್ 1994ರ ಆಗಸ್ಟ್‌ನಲ್ಲಿ ಮರಳಿದಾಗ ಷಿಕಾಗೋದ ಅಖಾಡದಲ್ಲಿ ಇಬ್ಬರು ಅಂಡರ್‌ಟೇಕರುಗಳು ಎದುರುಬದುರಾಗಿದ್ದರು. ಸೋತ ನಕಲಿ ಇದೇ ಬ್ರಯನ್ ಲೀ. ಅಂದರೆ ಅಮೆರಿಕದಲ್ಲಿ ನಕಲಿ ಎಂದು ಸಾಬೀತಾದ ಮಾಲು ಬೊಂಬಾಯಿಗೆ ಬಂದು ಅಸಲಿ ಎಂದು ಮಾರಾಟವಾಯಿತು. ನಕಲಿ ಪಕ್ಷದವರಿಗೆ ಸಿಕ್ಕ ಜಯ ಇಷ್ಟು ಪೂರ್ಣವಾಗಿರುತ್ತದೆ ಎಂದು ಅವರೂ ಅಂದುಕೊಂಡಿರಲಿಲ್ಲ.

“ಅಯ್ಯೋ, ಎಲ್ಲಾ ನಾಟಕ ಕಣ್ರೋ” ಎನ್ನುವ ಒಬ್ಬ ಚಿಕ್ಕಪ್ಪ ಆಗ ಪ್ರತಿ ಮನೆಯಲ್ಲೂ ಇದ್ದರು. ಅವರು ದಾರಾ ಸಿಂಗ್ ಮತ್ತು ಕಿಂಗ್ ಕಾಂಗ್ ಕಾಲದವರು. ಆ ಕಿಂಗ್ ಕಾಂಗ್ ಎಮಿಲ್ ಸಾಯಾ ಎಂಬ ಹಂಗೇರಿ ಮೂಲದ ಭಾರೀ ಆಸಾಮಿ. ಅವನನ್ನು ದಾರಾ ಸಿಂಗ್ ಎತ್ತಿ ಒಗೆದದ್ದು ಮಾತ್ರ ನಾಟಕವಲ್ಲ ಎಂದು ಚಿಕ್ಕಪ್ಪ ಆಣೆಯಿಟ್ಟು ಹೇಳುತ್ತಿದ್ದರು. ಟಿವಿ ಕುಸ್ತಿಯ ಬಗ್ಗೆ ಅವರು ಹೇಳಿದ್ದು ಸರಿಯೇ. 1989ರಲ್ಲಿ ಕಂಪನಿಯೇ ನ್ಯೂಜೆರ್ಸಿ ರಾಜ್ಯದ ಸೆನೆಟ್ಟಿನ ಮುಂದೆ ಇದು ಮನರಂಜನೆ ಎಂದು ಒಪ್ಪಿಕೊಂಡಿತ್ತು. ಒಪ್ಪಿದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಕ್ರೀಡೆ ಎಂದಾದರೆ ಕ್ರೀಡಾ ಆಯೋಗದ ತಪಾಸಣೆ, ತೆರಿಗೆಯ ರಗಳೆ. ಹೊಸೂರಿಗೆ ಕೇಬಲ್ ಬರುವ ಮೊದಲೇ ಗುಟ್ಟು ರಟ್ಟಾಗಿತ್ತು, ಸುದ್ದಿ ಮಾತ್ರ ಜೂಜುವಾಡಿ ಚೆಕ್‌ಪೋಸ್ಟ್ ದಾಟಿ ಬಂದಿರಲಿಲ್ಲ.

ಬಂದಿದ್ದರೂ ಏನಾಗುತ್ತಿತ್ತು? ಈ ಸೀಮೆಯವರಿಗೆ ಫಲಿತಾಂಶ ಗೊತ್ತಿರುವ ಕಾಳಗ ನೋಡುವುದು ಹೊಸದಲ್ಲ. ಕೃಷ್ಣಗಿರಿ, ಧರ್ಮಪುರಿ ಕಡೆ ದ್ರೌಪದಮ್ಮನ ಜಾತ್ರೆಯೆಂದರೆ ಹದಿನೆಂಟು ದಿನದ ಮಹಾಭಾರತ: ಹಗಲು ಕಥೆ, ರಾತ್ರಿ ಕೂತ್ತು ಎಂಬ ಬಯಲಾಟ. ಕೊನೆಯ ದಿನ ಬಯಲಿನಲ್ಲಿ ಮಣ್ಣಿನ ದುರ್ಯೋಧನ ಅಂಗಾತ ಮಲಗಿರುತ್ತಾನೆ, ಒಂದು ಲಾರಿಗಿಂತ ಉದ್ದ. ಭೀಮ, ದುರ್ಯೋಧನ ವೇಷಧಾರಿಗಳು ಆ ಮಣ್ಣಿನ ಮೈ ಸುತ್ತ ಓಡಾಡಿ ಹೊಡೆದಾಡುತ್ತಾರೆ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮ, ಕೃಷ್ಣನ ಕಡೆಯಿಂದ ಸನ್ನೆ, ತೊಡೆಗೆ ಏಟು, ಮಣ್ಣಿನೊಳಗೆ ಮೊದಲೇ ಇಟ್ಟಿದ್ದ ಕೆಂಪು ಹೊರಗೆ, ದ್ರೌಪದಿ ಮುಡಿ ಕಟ್ಟುತ್ತಾಳೆ. ಅಖಾಡದ ಹೊರಗೆ ನಿಂತು ನಿಯಮ ಮುರಿಸುವ ಮ್ಯಾನೇಜರು, ಸಿಟ್ಟಿಗೆದ್ದ ಬಲರಾಮ, ಬಚ್ಚಿಟ್ಟ ರಕ್ತ, ಯಾವುದು ಬೇಕು? ಟಿವಿ ಪೈಲ್ವಾನರು ಬ್ಲೇಡಿನ ಚೂರು ಅಡಗಿಸಿಟ್ಟುಕೊಂಡು ಹಣೆ ಗೀರಿಕೊಳ್ಳುತ್ತಿದ್ದರು ಎಂದು ತಿಳಿದಾಗ ತಳಿಯವರು ಬೆಚ್ಚಿಬೀಳಲಿಲ್ಲ. ಭೀಮ ಗೆಲ್ಲುತ್ತಾನೆ ಎಂದು ಗೊತ್ತಿದ್ದೂ ಜನ ನಿದ್ದೆಗೆಟ್ಟು ಕೂರುತ್ತಾರೆ, ಹೋದ ವರ್ಷದ ಭೀಮನಿಗೂ ಈ ವರ್ಷದವನಿಗೂ ಹೋಲಿಸಿ ಬೈಯುತ್ತಾರೆ. ಹತ್ತನೆಯ ಶತಮಾನದಲ್ಲಿ ರನ್ನ ‘ಗದಾಯುದ್ಧ’ ಬರೆದಾಗಲೂ ಯಾರು ಸೋಲುತ್ತಾರೆಂದು ತಿಳಿಯದ ಕೇಳುಗ ಇದ್ದಿರಲಾರ.

ಹಾಗಾಗಿ ‘ಸುಳ್ಳು’ ಎಂಬ ಬಾಣ ಇವರಿಗೆ ನಾಟುವುದಿಲ್ಲ. ಮರುನೋಟದಲ್ಲಿ ನಾಟುವುದು ಬೇರೆ. ಹತ್ತರ ವಯಸ್ಸಿನಲ್ಲಿ ಎಲ್ಲವೂ ನಿಜವಾಗಿತ್ತು. ಹದಿನೆಂಟಕ್ಕೆ ಎಲ್ಲವೂ ಸುಳ್ಳಾಯಿತು. ನಲವತ್ತರಲ್ಲಿ, ಸೊಂಟ ಹಿಡಿದುಕೊಂಡ ಮೇಲೆ ನೋಡಿದರೆ, ಬೀಳುವುದಂತೂ ನಿಜ ಎಂದು ಕಾಣುತ್ತದೆ. 1998ರ ಜೂನ್ 28, ಪಿಟ್ಸ್‌ಬರ್ಗ್. ಹದಿನಾರು ಅಡಿ ಎತ್ತರದ ಕಬ್ಬಿಣದ ಪಂಜರದ ಮೇಲಿನಿಂದ ಅಂಡರ್‌ಟೇಕರ್ ಮ್ಯಾನ್‌ಕೈಂಡ್‌ನನ್ನು ಎಸೆಯುತ್ತಾನೆ. ಅವನು ವಿವರಣೆಕಾರರ ಮೇಜಿನ ಮೇಲೆ ಬಿದ್ದು ಮೇಜು ಪುಡಿ. ಸ್ಟ್ರೆಚರಿನಿಂದ ಎದ್ದು ಮತ್ತೆ ಮೇಲೆ ಹತ್ತುತ್ತಾನೆ. ಈ ಸಲ ಪಂಜರದ ಮಾಡೇ ಕಿತ್ತುಕೊಂಡು ಒಳಗೆ ಬೀಳುತ್ತಾನೆ. ಈ ಎರಡನೆಯದು ಯಾರೂ ಬರೆದಿಟ್ಟದ್ದಲ್ಲ. ಮ್ಯಾನ್‌ಕೈಂಡ್ ಆಗಿದ್ದ ಮಿಕ್ ಫೋಲಿಯ ಹಲ್ಲೊಂದು ಮುರಿದು ಮೂಗಿನ ಹೊಳ್ಳೆಯಲ್ಲಿ ಸಿಕ್ಕಿಕೊಂಡಿತ್ತು. ಅದಾದ ಮೇಲೂ ಬೋರ್ಡ್ ಪಿನ್ನುಗಳ ರಾಶಿಯ ಮೇಲೆ ಬಿದ್ದು ಆಟ ಪೂರೈಸಿದ. ಅಂದು ಇದನ್ನೇ ರಾಗಿ ಹುಲ್ಲಿನ ಮೆದೆಯ ಮೇಲಿನಿಂದ ಅಭಿನಯಿಸಿ ಕೈ ಮುರಿದುಕೊಂಡವರು ಈಗ ಸುಮ್ಮನೆ ನೋಡುತ್ತಾರೆ. ಒಬ್ಬ ಮೆಲ್ಲಗೆ, “ಇನ್ಶೂರೆನ್ಸ್ ಇತ್ತಂತೇನಣ್ಣಾ?” ಎನ್ನುತ್ತಾನೆ. ಕಾರ್ಖಾನೆಯಲ್ಲಿ ಸೇಫ್ಟಿ ಬೂಟು ಹಾಕಿ ಕೆಲಸ ಮಾಡುವವನ ಪ್ರಶ್ನೆ.

ಕುಸ್ತಿಪಟು ಓವನ್ ಹಾರ್ಟ್‌ನ ವಿಷಯ ಬಂದಾಗ ಯಾರೂ ವಿಡಿಯೊ ಹುಡುಕುವುದಿಲ್ಲ. 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ, ಚಾವಣಿಯಿಂದ ಹಗ್ಗದಲ್ಲಿ ಇಳಿದುಬರಬೇಕಾದವನು ಕೊಂಡಿ ಕಳಚಿ ಬಿದ್ದು ಸತ್ತ. ಇದು ಆಟದ ಭಾಗವಲ್ಲ ಎಂದು ವಿವರಣೆಕಾರ ಜಿಮ್ ರಾಸ್ ಬಾಯಿಬಿಟ್ಟು ಹೇಳಬೇಕಾಯಿತು. ಏಳು ಸಾವು ಕಂಡಿದ್ದ ಹುಡುಗರಿಗೆ ಅವನೂ ಎದ್ದು ಬರುತ್ತಾನೆಂಬ ನಂಬಿಕೆ ಎಷ್ಟೋ ತಿಂಗಳು ಇತ್ತು.

2006ರಲ್ಲಿ ನಮ್ಮವನೂ ಒಬ್ಬ ಬಂದ. ಪಂಜಾಬ್ ಪೊಲೀಸಿನಲ್ಲಿದ್ದ ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಖಾಡದಲ್ಲಿ ಗ್ರೇಟ್ ಖಲಿ. ಬಂದವನೇ ಅಂಡರ್‌ಟೇಕರನ ತಲೆಗೆ ಏಟು ಹಾಕಿದ. ದೇಶಪ್ರೇಮ ಒಂದು ಕಡೆ, ಬಾಲ್ಯ ಇನ್ನೊಂದು ಕಡೆ. 2007ರ ಜುಲೈನಲ್ಲಿ ಅವನು ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದಾಗ ಎಲ್ಲರೂ ಹೆಮ್ಮೆಪಟ್ಟರು. ಆ ಕುಸ್ತಿಗಳನ್ನು ಮತ್ತೆ ನೋಡೋಣ ಎಂದು ಮಾತ್ರ ಇವತ್ತಿನವರೆಗೆ ಯಾರೂ ಕೇಳಿಲ್ಲ.

ಬೆಂಚಿನ ಮೇಲೆ ಈಚೆಗೆ ಹೆಚ್ಚು ಚರ್ಚೆಯಾಗುವವನು ಕೇನ್. ಸುಟ್ಟ ಮುಖದ ತಮ್ಮನಾಗಿ 1997ರ ಅಕ್ಟೋಬರ್‌ನಲ್ಲಿ ಪಂಜರದ ಬಾಗಿಲು ಕಿತ್ತೆಸೆದು ಬಂದವನು. ಹಳೆಯದು ಕೆದಕಿದಾಗ ತಿಳಿಯಿತು, ಅದಕ್ಕೂ ಮುಂಚೆ ಅವನೇ ಹಲ್ಲು ಕೀಳುವ ಡಾಕ್ಟರ ವೇಷದಲ್ಲಿ ಬಂದಿದ್ದ. ಆಮೇಲೆ ಕಂಪನಿ ಬಿಟ್ಟುಹೋದ ಡೀಸೆಲ್ ಎಂಬವನ ನಕಲಿಯೂ ಆಗಿದ್ದ. ಆ ಗ್ಲೆನ್ ಜೇಕಬ್ಸ್ 2018ರಲ್ಲಿ ಟೆನೆಸೀ ರಾಜ್ಯದ ನಾಕ್ಸ್ ಕೌಂಟಿಗೆ ಮೇಯರ್ ಆಗಿ ಚುನಾಯಿತನಾದ, 2022ರಲ್ಲಿ ಮತ್ತೆ ಗೆದ್ದ. ವೇಷ ಕಳಚಿ ಕುರ್ಚಿ ಏರುವುದನ್ನು ಎಂಜಿಆರ್ ಕಾಲದಿಂದ ಕಂಡ ನಾಡಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಹೊಸೂರು 2019ರಲ್ಲಿ ನಗರಪಾಲಿಕೆಯಾದ ಮೇಲೆ ಇಲ್ಲಿಯವರಿಗೂ ಮೇಯರ ಕೆಲಸದ ಕಷ್ಟಸುಖ ಸ್ವಲ್ಪ ಗೊತ್ತು. ಕೇನ್ ಇಲ್ಲಿ ನಿಂತರೆ ಗೆಲ್ಲುತ್ತಾನೋ ಎಂಬುದರ ಮೇಲೆ ಚರ್ಚೆ ಸಾಗಿದೆ. ಚರಂಡಿ ಕಂಟ್ರಾಕ್ಟರನ್ನು ಒಂದು ಸಲ ಕತ್ತು ಹಿಡಿದು ಎತ್ತಿದರೆ ಸಾಕು ಎನ್ನುವುದು ಒಂದು ಪಕ್ಷ. ಕಂಟ್ರಾಕ್ಟರು ಅದಕ್ಕೂ ಬಿಲ್ ಹಾಕುತ್ತಾನೆ ಎನ್ನುವುದು ಇನ್ನೊಂದು.