ಕಣ್ಣು ಹೊರಳುವ ಸದ್ದು

ಬಾಶೆಟ್ಟಿಹಳ್ಳಿಯಲ್ಲಿ ಸದ್ದಿಗೆ ಬರವಿಲ್ಲ. ಕೈಗಾರಿಕಾ ಪ್ರದೇಶದ ಯಂತ್ರಗಳು, ರಸ್ತೆ ತುಂಬ ಲಾರಿಗಳು, ದೊಡ್ಡಬಳ್ಳಾಪುರದ ಕಡೆ ಹೋದರೆ ಮಗ್ಗಗಳ ಲಟಪಟ. ಇಷ್ಟರ ನಡುವೆ ನನಗೆ ಕೇಳಿಸುತ್ತಿದ್ದದ್ದು ನನ್ನದೇ ಕಣ್ಣುಗುಡ್ಡೆ. ಎಡಕ್ಕೆ ನೋಡಿದರೆ ಸರ್‍ರ್, ಬಲಕ್ಕೆ ನೋಡಿದರೆ ಸರ್‍ರ್.

"ನಾನು ಕೂಗಿದ್ದು ಕೇಳಲ್ಲ, ಕಣ್ಣು ಹೊರಳಿದ್ದು ಕೇಳುತ್ತಾ?" ಎಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ.

ಕರೆಂಟು ಹೋಗಿ ಊರೆಲ್ಲ ತಣ್ಣಗಾದರೂ ನನ್ನ ತಲೆಯೊಳಗೆ ನೈಟ್ ಶಿಫ್ಟು: ಎದೆಬಡಿತ, ಹೆಜ್ಜೆ, ನಿಪ್ಪಟ್ಟು ಅಗಿದರಂತೂ ಜಲ್ಲಿ ಕ್ರಷರು. ಕುಕ್ಕರ್ ಕೂಗಿದರೆ ಗೋಡೆಯೇ ಓಲಾಡುತ್ತಿತ್ತು.

ಸೋದರತ್ತೆ ಕಾರಣ ಕಂಡುಹಿಡಿದರು. "ಹಾವಿಗೆ ಕಣ್ಣೇ ಕಿವಿ ಕಣೋ. ನಿಂಗೂ ಅದೇ ಆಗೈತೆ. ಘಾಟಿಗೆ ಹೋಗಿ ನಾಗರಕಲ್ಲಿಗೆ ತನಿ ಎರೆದು ಬಾ." ಘಾಟಿ ಸುಬ್ರಹ್ಮಣ್ಯವೇನು ದೂರವೇ? ಹೋಗಿಬಂದೆ. ಹಾಲು ನಾಗಪ್ಪನಿಗೆ ಸಂದಿತು, ಸದ್ದು ನನ್ನಲ್ಲೇ ಉಳಿಯಿತು.

ಡಾಕ್ಟರು ಶ್ರುತಿಕವೆಯನ್ನು ಮಿಡಿದು ಕಾಲಿನ ಹರಡಿನ ಮೇಲೆ ಊರಿದರು. ಅದು ಗುಂಯ್ ಎಂದು ಬಲಗಿವಿಯಲ್ಲಿ ಕೇಳಿತು! ಸಿ.ಟಿ. ಸ್ಕ್ಯಾನ್ ಗುಟ್ಟು ಬಿಟ್ಟುಕೊಟ್ಟಿತು. ಒಳಗಿವಿಯಲ್ಲಿ ಮೈಯ ಸಮತೋಲ ಕಾಯುವ ಮೂರು ಅರೆವೃತ್ತ ನಾಳಗಳಿವೆ. ಮೇಲಿನ ನಾಳಕ್ಕೂ ಮೆದುಳಿಗೂ ನಡುವಿನ ಮೂಳೆಯ ತಾರಸಿ ನನ್ನಲ್ಲಿ ತೂತು. ಒಳಗಿವಿಗೆ ಸದ್ದು ಅಲುಗಾಡಿಸುವ ಕಿಟಕಿಗಳು ಎರಡೇ ಇರಬೇಕು. ನನಗೆ ಮೂರನೆಯದೊಂದು ಬಿಟ್ಟಿ. ಹೊರಗಿನ ಸದ್ದಿನ ಕಸುವು ಅದರಲ್ಲಿ ಸೋರಿಹೋಗುತ್ತದೆ, ನಾಳದ ದ್ರವ ಕಲಕಿ ತಲೆ ಸುತ್ತುತ್ತದೆ. ಮೂಳೆಯ ಮೂಲಕ ಬರುವ ಮೈಯ ಸದ್ದಿಗೆ ಮಾತ್ರ ರಾಜಮರ್ಯಾದೆ. "ನೀನು ಕೂಗಿದ್ದು ಸೋರಿಹೋಗ್ತಿದೆಯಂತೆ, ಡಾಕ್ಟರೇ ಹೇಳಿದ್ರು" ಎಂದು ಹೆಂಡತಿಗೆ ವರದಿ ತೋರಿಸಿದೆ. ಆಕೆ ನಂಬಿದ ಹಾಗೆ ಕಾಣಲಿಲ್ಲ.

ಇಟಲಿಯ ಪಿಯೆತ್ರೊ ಟುಲಿಯೊ ಪಾರಿವಾಳಗಳ ಇಂಥ ನಾಳಗಳಿಗೆ ತೂತು ಕೊರೆದು ಸದ್ದು ಕೇಳಿಸಿದಾಗ ಅವು ತಲೆ ವಾಲಿಸಿದ್ದವು. ಆ ಸಂಗತಿ ಅಚ್ಚಾದದ್ದು 1929ರಲ್ಲಿ. ಮನುಷ್ಯರಲ್ಲಿ ಯಾರೂ ಕೊರೆಯದೆಯೇ ಈ ತೂತು ಇರುತ್ತದೆಂದು ಬಾಲ್ಟಿಮೋರಿನ ಲಾಯ್ಡ್ ಮೈನರ್ ಮತ್ತು ಸಂಗಡಿಗರು ತೋರಿಸಿದ್ದು 1998ರಲ್ಲಿ. ಅದಕ್ಕೂ ಮುಂಚೆ "ಕಣ್ಣು ಸದ್ದು ಮಾಡ್ತಿದೆ" ಎಂದವರ ಪಾಡು ಏನಾಗಿತ್ತೋ! ತೀರಾ ಕಾಡಿದರೆ ನಾಳ ಮುಚ್ಚುವ ಆಪರೇಷನ್ ಉಂಟು. ಅಲ್ಲಿವರೆಗೆ ಜೋರು ಸದ್ದಿನಿಂದ ದೂರವಿರಬೇಕಂತೆ. ಬಾಶೆಟ್ಟಿಹಳ್ಳಿಯಲ್ಲಿದ್ದುಕೊಂಡು!

ಅತ್ತೆಗೂ ತಿಳಿಹೇಳಿದೆ: ಹಾವು ಕೇಳುವುದು ಕಣ್ಣಿನಿಂದಲ್ಲ, ನೆಲದ ಕಂಪನ ದವಡೆಯ ಮೂಳೆಯಿಂದ ಅದರ ಒಳಗಿವಿಗೆ ಹೋಗುತ್ತದೆ.

"ಮೂಳೆ ತಾನೇ? ನಿಂದೂ ಮೂಳೇದೇ ರೋಗ ಅಂದ್ರಲ್ಲ. ಈ ಸಲ ಅರ್ಧ ಲೀಟರ್ ಸಾಕಾಗಕಿಲ್ಲ, ಒಂದು ಲೀಟರ್ ತಗೊಂಡೋಗು."