ಯಾರ ಆಯಸ್ಸಿಗೆ ವಾರಂಟಿ?

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದೆಂದರೆ ಮಗಳಿಗೆ ಸಂಬಂಧ ನೋಡಿದ ಹಾಗೆಯೇ. ವ್ಯತ್ಯಾಸ ಇಷ್ಟೇ, ಇಲ್ಲಿ ಹುಡುಗ ಒಬ್ಬನೇ, ಅತ್ತೆಮನೆಗಳು ಹತ್ತು. ಚಿಪ್ಪು ಸಾಮಾನ್ಯವಾಗಿ ಎನ್ವಿಡಿಯಾದ್ದೋ ಎಎಂಡಿಯದ್ದೋ ಆಗಿರುತ್ತದೆ. ಅದಕ್ಕೆ ಬೋರ್ಡು, ಫ್ಯಾನು, ಬಣ್ಣದ ದೀಪ ಸೇರಿಸಿ ಏಸಸ್, ಎಂಎಸ್‌ಐ, ಗಿಗಾಬೈಟ್, ಜೋಟ್ಯಾಕ್‌ಗಳು ತಂತಮ್ಮ ಡಬ್ಬಿಯಲ್ಲಿಟ್ಟು ಮಾರುತ್ತವೆ. ಒಂದೇ ಚಿಪ್ಪಿನ ಕಾರ್ಡುಗಳ ವೇಗದಲ್ಲಿ ಅಂತಹ ಅಂತರವೇನೂ ಇರುವುದಿಲ್ಲ. ಹಾಗಾಗಿ ವಿಚಾರಿಸಬೇಕಾದ್ದು ಹುಡುಗನನ್ನಲ್ಲ, ಮನೆಯವರನ್ನು.

ಅಕ್ಕನ ಮಗನ ಜೊತೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆ. ಅವನ ಕಣ್ಣೆಲ್ಲ ದೀಪಗಳ ಮೇಲೆ. ನಾನು ಅಂಗಡಿಯವರನ್ನು ಕೇಳಿದೆ:

“ಕೆಟ್ಟರೆ ಯಾರು ನೋಡ್ತಾರೆ?”

“ಮೂರು ವರ್ಷ ವಾರಂಟಿ ಇದೆ ಸಾರ್. ಇದು ಕೆಡೋದೇ ಇಲ್ಲ.”

“ಕೆಡೋದೇ ಇಲ್ಲ ಅಂದ್ಮೇಲೆ ವಾರಂಟಿ ಯಾಕೆ?”

“ಕೆಟ್ರೆ ಬೇಕಲ್ಲ ಸಾರ್!”

ಈ ವೇದಾಂತಕ್ಕೆ ಉತ್ತರ ಹೊಳೆಯದೆ ವಾರಂಟಿ ಚೀಟಿಯನ್ನೇ ಓದತೊಡಗಿದೆ. ಪೆಟ್ಟು ಬಿದ್ದಿರಬಾರದು, ನೀರು ತಾಗಿರಬಾರದು, ಸುಟ್ಟ ಗುರುತು ಇರಬಾರದು, ಕ್ರಿಪ್ಟೊ ಮೈನಿಂಗ್‌ಗೆ ಬಳಸಿರಬಾರದು, ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದಿರಬಾರದು. ಈ ಎಲ್ಲ ವ್ರತಗಳನ್ನೂ ಪಾಲಿಸಬಲ್ಲದ್ದು ಡಬ್ಬಿಯಿಂದ ಆಚೆಗೇ ಬಾರದ ಕಾರ್ಡು ಮಾತ್ರ. ಬಾರದಿದ್ದರೂ ದಿನಗಳು ಓಡುತ್ತಲೇ ಇರುತ್ತವೆ. ಕೆಲವರದು ಬಿಲ್ಲಿನ ತಾರೀಖಿನಿಂದ ಲೆಕ್ಕ, ಕೆಲವರದು ಕಾರ್ಖಾನೆಯಲ್ಲಿ ಹುಟ್ಟಿದ ತಾರೀಖಿನಿಂದ.

“ಹಾಗಾದ್ರೆ ಆಜೀವ ವಾರಂಟಿ ಇರೋದನ್ನೇ ತಗೊಳ್ಳೋಣ ಮಾಮ” ಎಂದ ಹುಡುಗ. ಅವನಿಗೆ ಬಿಎಫ್‌ಜಿ ಕಥೆ ಹೇಳಬೇಕಾಯಿತು. ಈ ಅಮೆರಿಕನ್ ಕಂಪನಿ ತನ್ನ ಕಾರ್ಡುಗಳಿಗೆ ಆಜೀವ ವಾರಂಟಿ ಕೊಡುತ್ತಿತ್ತು. 2010ರಲ್ಲಿ ಕಂಪನಿಯೇ ಬಾಗಿಲು ಹಾಕಿತು. ಕಾರ್ಡುಗಳು ಗಟ್ಟಿಮುಟ್ಟಾಗಿದ್ದವು, ತೀರಿಕೊಂಡದ್ದು ವಾರಂಟಿ. ಗ್ರಾಹಕಸೇವೆಗೇ ಹೆಸರಾಗಿದ್ದ ಇವಿಜಿಎ ಕೂಡ 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರಕ್ಕೆ ಕೈಮುಗಿಯಿತು. ಪುಣ್ಯಕ್ಕೆ, ಅದುವರೆಗೆ ಮಾರಿದ್ದಕ್ಕೆ ಕೊಟ್ಟ ಮಾತು ಉಳಿಸಿಕೊಳ್ಳುತ್ತೇನೆಂದಿತು.

ಇಷ್ಟಾದ ಮೇಲೆ ನನ್ನ ಕಾರ್ಡುಶಾಸ್ತ್ರ ಬಲು ಸರಳವಾಗಿದೆ. ಎಷ್ಟು ವರ್ಷ ಎಂದು ಕೇಳುವ ಮೊದಲು ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೇಳಬೇಕು. ಮೆಟ್ರೊ ಹತ್ತಿ ಹೋಗಿ ಬರುವಷ್ಟು ಹತ್ತಿರವಿದ್ದರೆ ಮೂರು ವರ್ಷ ಸಾಕು. ಕೊರಿಯರ್ ಮಾಡಿ ಕಾಯಬೇಕಾದರೆ ಐದು ವರ್ಷವೂ ಕಡಿಮೆ. ಕೊಳ್ಳುವ ಮುನ್ನವೇ ಸಹಾಯವಾಣಿಗೆ ಒಂದು ಫೋನ್ ಮಾಡಿ ನೋಡಬೇಕು. ದುಡ್ಡು ನಮ್ಮ ಜೇಬಿನಲ್ಲಿರುವಾಗಲೇ ಎತ್ತದವರು ಆಮೇಲೆ ಎತ್ತುತ್ತಾರೆಯೇ? ಹೆಚ್ಚುವರಿ ವಾರಂಟಿಗೆ ನೋಂದಣಿ ಕೇಳುವ ಬ್ರ್ಯಾಂಡಾದರೆ ಆ ಕೆಲಸ ಮನೆಗೆ ಬಂದ ದಿನವೇ ಆಗಬೇಕು, ಆಟ ಆಮೇಲೆ.

ಕೊನೆಯದಾಗಿ, ಬಿಲ್ಲು. ಥರ್ಮಲ್ ಕಾಗದದ ಮೇಲಿನ ಅಕ್ಷರ ವಾರಂಟಿಗಿಂತ ಮೊದಲೇ ಮಾಸಿಹೋಗುತ್ತದೆ. ತಕ್ಷಣ ಜೆರಾಕ್ಸ್ ಮಾಡಿಸಿಡಿ. ಎರಡು ರೂಪಾಯಿಯ ಆ ಜೆರಾಕ್ಸಿಗೆ ಯಾರೂ ವಾರಂಟಿ ಕೊಡುವುದಿಲ್ಲ. ಇಡೀ ವ್ಯವಹಾರದಲ್ಲಿ ಬಾಳಿಕೆ ಬರುವುದು ಬಹುಶಃ ಅದೊಂದೇ.